ಪರಾನುಭೂತಿ ಮತ್ತು ವ್ಯಕ್ತಿತ್ವ ವಿಕಾಸ

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ವಿಚಾರಣಾ ಗುರುಗಳು ನೀಡಿದ ಉಪನ್ಯಾಸದ ಬರಹರೂಪ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಪುಣ್ಯ ಸಂದರ್ಭದಲ್ಲಿ ಅದರ ಕಟ್ಟಡದ ಚರಿತ್ರೆಯನ್ನೂ, ಅದನ್ನು ಕಟ್ಟಿದ ಹಿರಿಯರ ತ್ಯಾಗವನ್ನೂ ಹಿಂದಿನ ಉಪನ್ಯಾಸಕರು ಸವಿಸ್ತಾರವಾಗಿ ವಿವರಿಸಿದ್ದಾರೆ. ಕಲ್ಲು ಗಾರೆಗಳ ಆಲಯದ ಕಥೆ ಹೀಗೆ ದಾಖಲಾಯಿತು. ಆದರೆ ಸಂತ ಪೌಲರ ಬೋಧನೆಯಂತೆ ಪ್ರತಿಯೊಬ್ಬ ವಿಶ್ವಾಸಿಯೂ ಪವಿತ್ರಾತ್ಮರ ಆಲಯವೇ ಆಗಿದ್ದಾನೆ. ಗೋಡೆ ಬಿರುಕುಬಿಟ್ಟರೆ ಮೇಸ್ತ್ರಿಯನ್ನು ಕರೆಯುತ್ತೇವೆ. ಆ ಜೀವಂತ ಆಲಯದೊಳಗೆ ಬಿರುಕು ಬಿಟ್ಟಾಗ ಯಾರನ್ನು ಕರೆಯಬೇಕು? ಈ ಪ್ರಶ್ನೆಯನ್ನು ಕುರಿತು ಇಂದು ಕೆಲವು ಮಾತುಗಳನ್ನು ನಿವೇದಿಸಿಕೊಳ್ಳಬಯಸುತ್ತೇವೆ.

ನೂರು ವರ್ಷಗಳ ಸ್ನಾನದೀಕ್ಷೆ, ವಿವಾಹ, ಮರಣಗಳ ದಾಖಲೆ ಪುಸ್ತಕಗಳು ನಮ್ಮ ಗುರುನಿವಾಸದ ಕಪಾಟಿನಲ್ಲಿವೆ. ಮರಣದ ಪುಸ್ತಕದಲ್ಲಿ ಕಾರಣವನ್ನು ಬರೆಯುವ ಅಂಕಣದಲ್ಲಿ ಜ್ವರ, ಕ್ಷಯ, ಹೆರಿಗೆ, ವೃದ್ಧಾಪ್ಯ ಎಂಬ ಮಾತುಗಳು ಕಾಣುತ್ತವೆ. ಅಲ್ಲಲ್ಲಿ ಆ ಅಂಕಣ ಖಾಲಿಯಾಗಿದೆ. ಆ ಖಾಲಿ ಜಾಗಗಳಲ್ಲಿ ಕೆಲವಾದರೂ ಬರೆಯಲು ಕೈ ಬಾರದ ಮರಣಗಳೆಂಬುದನ್ನು ಹಿರಿಯರು ಬಲ್ಲರು. 1917ರ ಧರ್ಮಸಭಾ ಕಾನೂನು ಸಂಹಿತೆಯು ತಿಳಿದು ತಿಳಿದು ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಅಂತ್ಯಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ನಿಷೇಧವಿಲ್ಲ. ಮನಸ್ಸಿನ ಗಂಭೀರ ವ್ಯಾಕುಲತೆ, ತೀವ್ರ ಭಯ, ಯಾತನೆಗಳು ಅಂಥವರ ಹೊಣೆಯನ್ನು ಕುಗ್ಗಿಸಬಲ್ಲವೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಬೋಧಿಸುತ್ತದೆ. ಸತ್ತವರ ವಿಷಯದಲ್ಲಿ ಧರ್ಮಸಭಾ ಮಾತೆಯು ಇಷ್ಟು ಮೃದುವಾಗಿರುವಾಗ, ಬದುಕಿರುವಾಗಲೇ ಬೇಯುತ್ತಿರುವವರ ವಿಷಯದಲ್ಲಿ ನಾವು ಎಷ್ಟು ಮೃದುವಾಗಿರಬೇಕು!

ಆರಂಭದಲ್ಲಿಯೇ ಒಂದು ವಿನಂತಿ. ಈ ಉಪನ್ಯಾಸದಲ್ಲಿ ನಮ್ಮ ಧರ್ಮಕೇಂದ್ರದ ಯಾರ ಕಥೆಯೂ ಇಲ್ಲ. ಪಾಪನಿವೇದನೆಯ ಪೀಠದಲ್ಲಿ ಕೇಳಿದ್ದು ನಮ್ಮೊಡನೆಯೇ ಮಣ್ಣಿಗೆ ಹೋಗತಕ್ಕದ್ದು. ಆದುದರಿಂದ ಯಾರೂ ಪಕ್ಕದವರ ಮುಖವನ್ನು ನೋಡಬೇಕಾಗಿಲ್ಲ.

ಮಾತಿನ ಚಿಕಿತ್ಸೆಯ ಉಗಮ

1880ರಿಂದ 1882ರವರೆಗೆ ವಿಯೆನ್ನಾ ನಗರದಲ್ಲಿ ಯೋಸೆಫ್ ಬ್ರಾಯರ್ ಎಂಬ ವೈದ್ಯರು ಒಬ್ಬ ಯುವತಿಗೆ ಚಿಕಿತ್ಸೆ ನೀಡುತ್ತಿದ್ದರು. ತಂದೆಯ ಕಾಯಿಲೆಯಲ್ಲಿ ಹಗಲಿರುಳು ಶುಶ್ರೂಷೆ ಮಾಡಿ ಆಕೆ ತಾನೇ ಹಾಸಿಗೆ ಹಿಡಿದಿದ್ದಳು. ಕೈಕಾಲು ಸ್ವಾಧೀನ ತಪ್ಪುತ್ತಿತ್ತು, ನೋಟ ಮಸುಕಾಗುತ್ತಿತ್ತು, ಕೆಲವು ವೇಳೆ ಮಾತೃಭಾಷೆಯೇ ಮರೆತುಹೋಗುತ್ತಿತ್ತು. ಆಕೆಯ ದೇಹದಲ್ಲಿ ಇದಕ್ಕೆ ತಕ್ಕ ರೋಗವೊಂದೂ ವೈದ್ಯರಿಗೆ ಕಾಣಲಿಲ್ಲ. ಬ್ರಾಯರ್ ಪ್ರತಿದಿನವೂ ಕುಳಿತು ಆಕೆಯ ಮಾತನ್ನು ಕೇಳತೊಡಗಿದರು. ಒಂದೊಂದು ಬಾಧೆಯ ಹಿಂದೆ ಅಡಗಿದ್ದ ನೆನಪು ಮಾತಾಗಿ ಹೊರಬಂದಂತೆ ಆ ಬಾಧೆಯೂ ಸಡಿಲಗೊಳ್ಳುತ್ತಿತ್ತು. ಆ ಯುವತಿಯೇ ಇದಕ್ಕೆ ‘ಮಾತಿನ ಚಿಕಿತ್ಸೆ’ ಎಂದು ಹೆಸರಿಟ್ಟಳು. ತಮಾಷೆಗೆ ‘ಹೊಗೆಗೂಡು ಗುಡಿಸುವುದು’ ಎಂದೂ ಹೇಳುತ್ತಿದ್ದಳು. ಆಗ ಆಕೆ ಪೂರ್ಣವಾಗಿ ಗುಣಹೊಂದಲಿಲ್ಲವೆಂಬುದನ್ನೂ ಹೇಳಬೇಕು. ಬೆರ್ಥಾ ಪಾಪೆನ್‌ಹೈಮ್ ಎಂಬ ಆಕೆಯೇ ಮುಂದೆ ಅನಾಥ ಬಾಲಕಿಯರ, ಶೋಷಿತ ಸ್ತ್ರೀಯರ ಸೇವೆಗೆ ಜೀವನವನ್ನೇ ಸವೆಸಿದಳು.

ಬ್ರಾಯರ್ ಮತ್ತು ಅವರ ಕಿರಿಯ ಮಿತ್ರರಾದ ಸಿಗ್ಮಂಡ್ ಫ್ರಾಯ್ಡ್ ಸೇರಿ ಇಂಥ ಅನುಭವಗಳನ್ನು 1895ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಫ್ರಾಯ್ಡ್ ಅದನ್ನು ಬೆಳೆಸಿ ಮನೋವಿಶ್ಲೇಷಣೆ ಎಂಬ ಶಾಸ್ತ್ರವನ್ನಾಗಿ ಮಾಡಿದರು. ಅದರ ತಿರುಳನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಮನುಷ್ಯನು ತನ್ನನ್ನು ತಾನು ಪೂರ್ಣವಾಗಿ ಬಲ್ಲವನಲ್ಲ. ಸಹಿಸಲಾಗದ ಭಾವನೆಗಳನ್ನು ಅವನು ಮನದಾಳಕ್ಕೆ ಅದುಮುತ್ತಾನೆ. ಅದುಮಿದ್ದು ಸಾಯದೆ, ದೇಹದ ಬಾಧೆಯಾಗಿ, ಕಾರಣವಿಲ್ಲದ ಭಯವಾಗಿ, ಮತ್ತೆ ಮತ್ತೆ ಅದೇ ತಪ್ಪಿಗೆ ಬೀಳುವ ಚಾಳಿಯಾಗಿ ಹೊರಬರುತ್ತದೆ. ಮನಸ್ಸಿಗೆ ಬಂದುದನ್ನು ತಡೆಯಿಲ್ಲದೆ ಹೇಳಲು ಅವಕಾಶ ಕೊಟ್ಟು, ತಾಳ್ಮೆಯಿಂದ ಕೇಳುವವರೊಬ್ಬರಿದ್ದರೆ, ಅದು ಕ್ರಮೇಣ ಬೆಳಕಿಗೆ ಬರುತ್ತದೆ. ನಮ್ಮ ದೇಶಕ್ಕೂ ಈ ಶಾಸ್ತ್ರ ಬೇಗನೆ ಬಂದಿತು. 1922ರಲ್ಲಿಯೇ ಕಲ್ಕತ್ತೆಯಲ್ಲಿ ಡಾಕ್ಟರ್ ಗಿರೀಂದ್ರಶೇಖರ ಬೋಸರು ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿ, ಫ್ರಾಯ್ಡರೊಡನೆ ಪತ್ರವ್ಯವಹಾರ ನಡೆಸಿದರು.

ಧರ್ಮಸಭೆಯ ನಿಲುವು

ನಾವು ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಸಿಸುತ್ತಿದ್ದ ಕಾಲದಲ್ಲಿ ಫ್ರಾಯ್ಡರ ಹೆಸರು ಮಾರ್ಕ್ಸ್, ನೀತ್ಶೆ ಇವರ ಪಂಕ್ತಿಯಲ್ಲಿ, ವಿಶ್ವಾಸದ ವಿರೋಧಿಗಳ ಸಾಲಿನಲ್ಲಿ ಬರುತ್ತಿತ್ತು. ಅದು ಅಕಾರಣವಲ್ಲ. 1927ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಫ್ರಾಯ್ಡ್ ಧರ್ಮವನ್ನು ಒಂದು ಭ್ರಮೆಯೆಂದು ವಾದಿಸಿದ್ದರು. ಆದರೆ ಅವರ ಆಪ್ತಮಿತ್ರರಲ್ಲೊಬ್ಬರಾದ ಓಸ್ಕರ್ ಫಿಸ್ಟರ್ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಪಾದ್ರಿಯಾಗಿದ್ದರೆಂಬುದೂ ಸತ್ಯ. ಅವರು ಮರುವರ್ಷವೇ ಆ ವಾದಕ್ಕೆ ಉತ್ತರ ಬರೆದರು. ಸ್ನೇಹ ಮಾತ್ರ ಕೆಡಲಿಲ್ಲ. ಚಿಕಿತ್ಸಾ ಪದ್ಧತಿಯೇ ಬೇರೆ, ಅದನ್ನು ಕಂಡುಹಿಡಿದವರ ನಾಸ್ತಿಕತೆಯೇ ಬೇರೆ ಎಂಬ ವಿವೇಚನೆ ಫಿಸ್ಟರರಿಗಿತ್ತು.

ಧರ್ಮಸಭೆಯೂ ಅದೇ ವಿವೇಚನೆಯನ್ನು ತೋರಿತು. 1953ರ ಏಪ್ರಿಲ್ 13ರಂದು ಹನ್ನೆರಡನೆಯ ಭಕ್ತಿನಾಥರು, ಎಂದರೆ ಪೋಪ್ ಪಿಯುಸರು, ಅಂತರರಾಷ್ಟ್ರೀಯ ಮನಶ್ಚಿಕಿತ್ಸಕರ ಸಮ್ಮೇಳನವನ್ನುದ್ದೇಶಿಸಿ ಮಾತನಾಡಿದರು. ವಿವೇಕಕ್ಕೆ ಮೀರಿದ, ರೋಗದ ಸ್ವರೂಪದ ಅಪರಾಧಭಾವನೆ ಮನುಷ್ಯರಲ್ಲಿ ಇರಬಹುದೆಂಬುದನ್ನು ಅವರು ಒಪ್ಪಿಕೊಂಡರು. ನಿಜವಾದ ಅಪರಾಧವನ್ನು ಮಾತ್ರ ಯಾವ ಮನಶ್ಶಾಸ್ತ್ರವೂ ಅಳಿಸಲಾರದು, ಅದಕ್ಕೆ ಪಶ್ಚಾತ್ತಾಪವೂ ಪಾಪಕ್ಷಮೆಯೂ ಬೇಕು ಎಂದು ಸ್ಪಷ್ಟಪಡಿಸಿದರು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದ 62ನೆಯ ಪರಿಚ್ಛೇದದಲ್ಲಿ, ಆಧ್ಯಾತ್ಮಿಕ ಪಾಲನೆಯ ಕಾರ್ಯದಲ್ಲಿ ದೈವಶಾಸ್ತ್ರದ ತತ್ತ್ವಗಳ ಜೊತೆಗೆ ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳ ಶೋಧನೆಗಳನ್ನೂ ಬಳಸಿಕೊಳ್ಳಬೇಕೆಂದು ವಿಧಿಸಿತು.

ಇಷ್ಟೇ ಅಲ್ಲ. 2025ರಲ್ಲಿ ಪ್ರಭುವಿನಲ್ಲಿ ನಿದ್ರೆಹೋದ ಪೋಪ್ ಫ್ರಾನ್ಸಿಸರು, ತಮ್ಮ ನಲವತ್ತೆರಡನೆಯ ವಯಸ್ಸಿನಲ್ಲಿ ಯೆಹೂದ್ಯ ಮಹಿಳೆಯಾದ ಮನೋವಿಶ್ಲೇಷಕಿಯೊಬ್ಬರ ಬಳಿಗೆ ಆರು ತಿಂಗಳ ಕಾಲ ವಾರಕ್ಕೊಮ್ಮೆ ಹೋಗುತ್ತಿದ್ದುದಾಗಿಯೂ, ಕೆಲವು ವಿಷಯಗಳನ್ನು ತಿಳಿಯಾಗಿಸಿಕೊಳ್ಳಲು ಆಕೆ ಬಹಳ ನೆರವಾದುದಾಗಿಯೂ 2017ರಲ್ಲಿ ಪ್ರಕಟವಾದ ಸಂವಾದ ಗ್ರಂಥದಲ್ಲಿ ಹೇಳಿದ್ದಾರೆ. ಸಂತ ಪೇತ್ರರ ಉತ್ತರಾಧಿಕಾರಿಗೆ ಅವಮಾನವೆನಿಸದ ವಿಷಯವು ನಮ್ಮ ಮನೆಗಳಲ್ಲಿ ಅವಮಾನವೇಕಾಗಬೇಕು?

ಪರಾನುಭೂತಿ ಎಂದರೇನು?

ಕನಿಕರ, ಮರುಕ, ಸಹಾನುಭೂತಿ ಎಂಬ ಮಾತುಗಳು ನಮಗೆ ಪರಿಚಿತವಾದವು. ಪರಾನುಭೂತಿ ಇವುಗಳಿಗಿಂತ ಭಿನ್ನವಾದುದು. ಬಾವಿಗೆ ಬಿದ್ದವನನ್ನು ಕಂಡು ದಡದಲ್ಲಿ ನಿಂತು ಅಯ್ಯೋ ಎನ್ನುವುದು ಮರುಕ. ಆ ಬಾವಿಯೊಳಗಿನ ಕತ್ತಲೆ ಅವನಿಗೆ ಹೇಗೆ ಕಾಣುತ್ತಿದೆ, ನೀರಿನ ಚಳಿ ಅವನಿಗೆ ಹೇಗೆ ತಾಗುತ್ತಿದೆ ಎಂಬುದನ್ನು ಅವನ ಕಡೆಯಿಂದಲೇ ಅರಿಯಲು ಯತ್ನಿಸುವುದು ಪರಾನುಭೂತಿ. ಹಾಗೆ ಅರಿಯುವಾಗಲೂ ನಮ್ಮ ಕಾಲು ದಡದ ಮೇಲೆಯೇ ಇರಬೇಕು. ಇಬ್ಬರೂ ಮುಳುಗಿದರೆ ಎತ್ತುವವರಾರು?

ಈ ವಿಷಯವನ್ನು ಆಳವಾಗಿ ಚಿಂತಿಸಿದವರಲ್ಲಿ ನಮ್ಮ ಧರ್ಮಸಭೆಯ ಸಂತರೊಬ್ಬರಿದ್ದಾರೆ. ಅವರೇ ಎಡಿತ್ ಸ್ಟೈನ್, ಶಿಲುಬೆಯ ಸಂತ ತೆರೇಸಾ ಬೆನೆಡಿಕ್ಟಾ. 1891ರಲ್ಲಿ ಯೆಹೂದ್ಯ ಕುಟುಂಬದಲ್ಲಿ ಜನಿಸಿದ ಅವರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ರೆಡ್‌ಕ್ರಾಸ್ ದಾದಿಯಾಗಿ ಸಾಂಕ್ರಾಮಿಕ ರೋಗಪೀಡಿತ ಸೈನಿಕರ ಶುಶ್ರೂಷೆ ಮಾಡಿದರು. ಮರುವರ್ಷ ತತ್ತ್ವಜ್ಞಾನಿ ಹುಸರ್ಲರ ಮಾರ್ಗದರ್ಶನದಲ್ಲಿ ಸಲ್ಲಿಸಿದ ಮಹಾಪ್ರಬಂಧದ ವಿಷಯವೇ ಪರಾನುಭೂತಿ. ಇನ್ನೊಬ್ಬನ ದುಃಖವು ನನಗೆ ತಿಳಿದುಬರುತ್ತದೆ, ಆದರೆ ಅದು ಅವನ ದುಃಖವಾಗಿಯೇ ತಿಳಿದುಬರುತ್ತದೆ, ಅದನ್ನು ನನ್ನದಾಗಿಸಿಕೊಂಡು ಅವನನ್ನು ಮರೆಯುವಂತಿಲ್ಲ ಎಂಬುದು ಅವರ ವಿಚಾರದ ಸಾರ. ಅವರು 1922ರಲ್ಲಿ ಸ್ನಾನದೀಕ್ಷೆ ಪಡೆದು, 1933ರಲ್ಲಿ ಕಾರ್ಮೆಲ್ ಮಠವನ್ನು ಸೇರಿ, 1942ರಲ್ಲಿ ಔಷ್ವಿಟ್ಸ್‌ನಲ್ಲಿ ಹತರಾದರು. 1998ರಲ್ಲಿ ಸಂತ ಪದವಿಗೇರಿಸಲ್ಪಟ್ಟರು.

ಹೈನ್ಸ್ ಕೊಹುಟ್ ಕಂಡ ಸತ್ಯ

ಆರಂಭದ ಮನೋವಿಶ್ಲೇಷಕರು ಪರಾನುಭೂತಿಗೆ ಪ್ರಧಾನ ಸ್ಥಾನವನ್ನು ಕೊಟ್ಟಿರಲಿಲ್ಲ. ಚಿಕಿತ್ಸಕನು ಶಸ್ತ್ರವೈದ್ಯನಂತೆ ತನ್ನ ಭಾವನೆಗಳನ್ನು ಬದಿಗಿಟ್ಟು ಕೆಲಸ ಮಾಡಬೇಕೆಂದು ಫ್ರಾಯ್ಡ್ 1912ರಲ್ಲಿ ಬರೆದರು. ಹಂಗೇರಿಯ ಫೆರೆನ್ಸಿಯವರು 1928ರಲ್ಲಿ ಇದಕ್ಕೆ ಬೇರೆ ದನಿ ಸೇರಿಸಿ, ಯಾವ ಮಾತನ್ನು ಯಾವಾಗ ಹೇಳಬೇಕೆಂಬ ಜಾಣ್ಮೆ ಪರಾನುಭೂತಿಯಿಂದಲೇ ಬರುತ್ತದೆ ಎಂದರು. ಆದರೆ ಅದನ್ನು ಶಾಸ್ತ್ರದ ನಡುಮನೆಗೆ ತಂದವರು ಹೈನ್ಸ್ ಕೊಹುಟ್.

ಕೊಹುಟ್ 1913ರಲ್ಲಿ ವಿಯೆನ್ನಾದಲ್ಲಿ ಜನಿಸಿದವರು. 1938ರಲ್ಲಿ ನಾಜಿಗಳ ಕಾಟದಿಂದ ವೃದ್ಧ ಫ್ರಾಯ್ಡ್ ಊರು ಬಿಟ್ಟಾಗ, ತರುಣ ಕೊಹುಟ್ ರೈಲು ನಿಲ್ದಾಣಕ್ಕೆ ಹೋಗಿ, ದೂರದಿಂದಲೇ ಟೋಪಿ ಎತ್ತಿ ವಂದಿಸಿದರಂತೆ. ಬಂಡಿಯಲ್ಲಿದ್ದ ಫ್ರಾಯ್ಡರೂ ತಮ್ಮ ಟೋಪಿಯನ್ನೆತ್ತಿ ಪ್ರತಿವಂದನೆ ಮಾಡಿದರಂತೆ. ಮರುವರ್ಷ ಕೊಹುಟ್ ಕೂಡ ದೇಶಾಂತರ ಹೊರಟು, ಕೊನೆಗೆ ಅಮೆರಿಕದ ಷಿಕಾಗೋ ನಗರದಲ್ಲಿ ನೆಲೆಸಿದರು. 1959ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಹೇಳಿದ್ದಿಷ್ಟು: ಹೊರಗಿನ ವಸ್ತುವನ್ನು ಕಣ್ಣಿನಿಂದ ನೋಡಿ ಅಳೆಯಬಹುದು, ಮನುಷ್ಯನ ಒಳಜೀವನವನ್ನು ಅಂತರವಲೋಕನದಿಂದ ಮತ್ತು ಪರಾನುಭೂತಿಯಿಂದ ಮಾತ್ರ ಅರಿಯಬಹುದು.

1971ರಲ್ಲಿ ಪ್ರಕಟವಾದ ಅವರ ಪ್ರಥಮ ಗ್ರಂಥದಲ್ಲಿ ಇಪ್ಪತ್ತೈದರ ಹರೆಯದ ಯುವತಿಯೊಬ್ಬಳ ವೃತ್ತಾಂತವಿದೆ. ಆಕೆಯನ್ನು ಕುಮಾರಿ ಎಫ್ ಎಂದಷ್ಟೇ ಕರೆದಿದ್ದಾರೆ. ಆಕೆ ಹೇಳಿದ್ದನ್ನೇ ಕೊಹುಟ್ ಸಂಗ್ರಹವಾಗಿ ತಿರುಗಿ ಹೇಳಿದರೆ ಸಮಾಧಾನಗೊಳ್ಳುವಳು. ಅದಕ್ಕೆ ತಮ್ಮ ಕಡೆಯಿಂದ ಒಂದು ಅರ್ಥವನ್ನು ಸೇರಿಸಿದರೆ ಸಾಕು, ಉರಿದೇಳುವಳು, ತನ್ನನ್ನು ಹಾಳುಮಾಡುತ್ತಿದ್ದೀರೆಂದು ದೂರುವಳು. ಹಟಮಾರಿ ರೋಗಿ ಎಂದು ತೀರ್ಮಾನಿಸುವುದು ಸುಲಭವಾಗಿತ್ತು. ಕೊಹುಟ್ ಹಾಗೆ ಮಾಡದೆ, ಆಕೆಯ ಸಿಟ್ಟು ಏನನ್ನು ಹೇಳುತ್ತಿದೆ ಎಂದು ಕೇಳಿಕೊಂಡರು. ಕಾಲಕ್ರಮದಲ್ಲಿ ಆಕೆಯ ಬಾಲ್ಯವು ತೆರೆದುಕೊಂಡಿತು. ಶಾಲೆಯಲ್ಲಿ ನಡೆದ ಸಂತೋಷದ ಸಂಗತಿಯನ್ನು ಹೇಳಬೇಕೆಂದು ಆ ಹುಡುಗಿ ಮನೆಗೆ ಓಡೋಡಿ ಬರುತ್ತಿದ್ದಳು. ಬಾಗಿಲು ತೆರೆದ ತಾಯಿಯ ಮುಖ ಅರಳುತ್ತಿರಲಿಲ್ಲ. ಖಿನ್ನತೆಯಲ್ಲಿ ಮುಳುಗಿದ್ದ ಆ ತಾಯಿ ಕೇಳುವಂತೆ ತೋರಿದರೂ, ಸ್ವಲ್ಪ ಹೊತ್ತಿನಲ್ಲಿಯೇ ಮಾತು ಆಕೆಯ ತಲೆನೋವಿಗೂ ದಣಿವಿಗೂ ತಿರುಗುತ್ತಿತ್ತು. ಮಗುವಿನ ಸಂತೋಷವು ಹೊಸ್ತಿಲಲ್ಲಿಯೇ ಬಾಡುತ್ತಿತ್ತು. ಎಷ್ಟೋ ವರ್ಷಗಳ ನಂತರ ಚಿಕಿತ್ಸಕರ ಮುಂದೆ ಆಕೆ ಬೇಡುತ್ತಿದ್ದುದು, ತನ್ನನ್ನು ಇದ್ದಂತೆಯೇ ತೋರಿಸುವ ಒಂದು ಕನ್ನಡಿಯನ್ನು.

‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆಯನ್ನು ನಾವು ನಗೆಯಾಡಲು ಬಳಸುತ್ತೇವೆ. ಆದರೆ ಆ ಮುದ್ದು ಮಗುವಿಗೆ ಅನ್ನದಷ್ಟೇ ಅವಶ್ಯಕ. ತಾಯಿಯ ಕಣ್ಣಿನ ಹೊಳಪಿನಲ್ಲಿಯೇ ಮಗುವು ತಾನೂ ಒಬ್ಬ ಬೆಲೆಯುಳ್ಳ ವ್ಯಕ್ತಿಯೆಂದು ಮೊದಲು ತಿಳಿಯುತ್ತದೆ. 1978ರಲ್ಲಿ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಮಗುವಿನೊಡನೆ ಆಡುತ್ತಿದ್ದ ತಾಯಿಗೆ ಕೆಲವು ನಿಮಿಷ ಮುಖವನ್ನು ನಿಶ್ಚಲವಾಗಿಡಲು ಹೇಳಲಾಯಿತು. ಮಗುವು ಮೊದಲು ನಕ್ಕು ಕರೆಯಿತು, ತಾಯಿಯ ಗಮನ ಸೆಳೆಯಲು ಮತ್ತೆ ಮತ್ತೆ ಯತ್ನಿಸಿತು, ಕೊನೆಗೆ ಮುಖ ತಿರುಗಿಸಿ ಕುಗ್ಗಿಹೋಯಿತು. ತಾಯಿ ಎದುರಿಗೇ ಇದ್ದಳು, ಮುಖ ಮಾತ್ರ ಮಗುವಿಗೆ ಉತ್ತರ ಕೊಡಲಿಲ್ಲ.

1977ರ ಗ್ರಂಥದಲ್ಲಿ ಕೊಹುಟ್ ಒಂದು ಮಹತ್ತ್ವದ ಭೇದವನ್ನು ಎತ್ತಿಹಿಡಿದರು. ಬಯಕೆಗೂ ನಿಷೇಧಕ್ಕೂ ನಡುವೆ ಸಿಕ್ಕಿ ತೊಳಲುವವನು ಅಪರಾಧಿ ಮಾನವ. ತನ್ನೊಳಗಿನ ವ್ಯಕ್ತಿತ್ವವು ಅರಳದೆ, ತಾನು ಏನಾಗಬೇಕಾಗಿತ್ತೋ ಅದಾಗಲಾರದೆ ಕೊರಗುವವನು ದುರಂತ ಮಾನವ. ಮೊದಲನೆಯವನ ನೋವು ತಪ್ಪು ಮಾಡಿದೆನೆಂಬುದು. ಎರಡನೆಯವನ ನೋವು ತಾನು ಏನೂ ಅಲ್ಲವೆಂಬುದು. ಮೊದಲನೆಯವನಿಗೆ ಬೇಕಾದುದು ಕ್ಷಮೆ. ಎರಡನೆಯವನನ್ನು ಎಷ್ಟು ಸಲ ಕ್ಷಮಿಸಿದರೂ ಅವನ ಹಸಿವು ಹಿಂಗದು, ಏಕೆಂದರೆ ಅವನು ಹಸಿದಿರುವುದು ಬೇರೊಂದಕ್ಕೆ. ಗುರುಗಳಾದ ನಮಗೂ, ತಂದೆತಾಯಿಗಳಾದ ನಿಮಗೂ ಈ ಭೇದವು ಅತ್ಯಂತ ಉಪಯುಕ್ತವಾದುದು.

ಬೆಳವಣಿಗೆ ಹೇಗೆ ಆಗುತ್ತದೆ?

ಹಾಗಾದರೆ ಪರಾನುಭೂತಿಯುಳ್ಳ ಚಿಕಿತ್ಸಕನು ರೋಗಿಯನ್ನು ಹೊಗಳುತ್ತ ಕೂಡುವನೇ? ಇಲ್ಲ. ಅದನ್ನು ವಿವರಿಸಲು ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳೋಣ. ಅವನು ಯಾವ ಊರಿನವನೂ ಅಲ್ಲ, ಎಲ್ಲ ಊರಿನವನೂ ಹೌದು. ಬಾಲ್ಯದಿಂದಲೂ ‘ಅಣ್ಣನನ್ನು ನೋಡಿ ಕಲಿ’ ಎಂಬ ಮಾತನ್ನೇ ಕೇಳಿ ಬೆಳೆದಿದ್ದಾನೆ. ಓದಿದ್ದಾನೆ, ಕೆಲಸದಲ್ಲಿದ್ದಾನೆ. ಆದರೆ ಯಾರಾದರೂ ಸಣ್ಣ ತಪ್ಪನ್ನು ತೋರಿಸಿದರೆ ಮೂರು ದಿನ ಮಾತು ಬಿಡುತ್ತಾನೆ, ಕುಡಿಯುತ್ತಾನೆ. ತಂದೆಯ ಮೇಲೆ ಕೋಪಗೊಂಡೆನೆಂದು ತಿಂಗಳು ತಿಂಗಳೂ ಪಾಪನಿವೇದನೆ ಮಾಡುತ್ತಾನೆ.

ಇವನು ವಾರಕ್ಕೊಮ್ಮೆಯೋ ಎರಡು ಬಾರಿಯೋ ಚಿಕಿತ್ಸಕರ ಬಳಿಗೆ ಹೋಗತೊಡಗುತ್ತಾನೆ. ಅಲ್ಲಿ ಅವನನ್ನು ಅಣ್ಣನೊಡನೆ ಯಾರೂ ಹೋಲಿಸುವುದಿಲ್ಲ. ಕ್ರಮೇಣ ನಂಬಿಕೆ ಹುಟ್ಟುತ್ತದೆ. ಒಂದು ದಿನ ಚಿಕಿತ್ಸಕರು ಐದು ನಿಮಿಷ ತಡವಾಗಿ ಬರುತ್ತಾರೆ. ಅಂದು ಅವನು ಬಾಯಿ ಬಿಡುವುದಿಲ್ಲ. ‘ನಾನು ತಡವಾಗಿ ಬಂದುದರಿಂದ, ನೀವು ಲೆಕ್ಕಕ್ಕೇ ಇಲ್ಲವೆಂದು ನಿಮಗನ್ನಿಸಿರಬಹುದು’ ಎಂದು ಚಿಕಿತ್ಸಕರು ಸಾವಧಾನವಾಗಿ ಹೇಳುತ್ತಾರೆ. ಅವನ ಕಣ್ಣು ತುಂಬುತ್ತದೆ. ತಂದೆ ಅಣ್ಣನನ್ನು ಮಾತ್ರ ಜಾತ್ರೆಗೆ ಕರೆದೊಯ್ದ ದಿನ ನೆನಪಾಗುತ್ತದೆ. ಹಳೆಯ ಗಾಯವು ಹೊಸ ಸಂಬಂಧದಲ್ಲಿ ಹೀಗೆ ಮರುಕಳಿಸುವುದನ್ನು ಈ ಶಾಸ್ತ್ರದಲ್ಲಿ ಭಾವವರ್ಗಾವಣೆ ಎನ್ನುತ್ತಾರೆ. ಹಿಂದೆ ಆ ಗಾಯವನ್ನು ಕೇಳುವವರಿರಲಿಲ್ಲ. ಈಗ ಕೇಳುವವರಿದ್ದಾರೆ. ವ್ಯತ್ಯಾಸವೆಲ್ಲ ಇಷ್ಟರಲ್ಲಿದೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಚಿಕಿತ್ಸಕರು ಎಂದೂ ತಪ್ಪದವರಾಗಿದ್ದರೆ ಯುವಕನು ಬೆಳೆಯುತ್ತಿರಲಿಲ್ಲ. ಅವರು ಸಣ್ಣದಾಗಿ ತಪ್ಪಿದರು, ಆ ತಪ್ಪನ್ನು ಅವನ ಕಡೆಯಿಂದ ಅರಿತರು, ಸಂಬಂಧವನ್ನು ಮತ್ತೆ ಜೋಡಿಸಿದರು. ಹೀಗೆ ನೂರಾರು ಸಲ ಆದಾಗ, ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವ ಶಕ್ತಿ ಅವನ ಒಳಗೇ ಹನಿಹನಿಯಾಗಿ ಸಂಗ್ರಹವಾಗುತ್ತದೆ. ಹೊಸದಾಗಿ ನೆಟ್ಟ ಅಡಿಕೆ ಸಸಿಗೆ ಬಿಸಿಲಿನಿಂದ ಮರೆ ಕಟ್ಟುತ್ತೇವಷ್ಟೆ? ಮರೆಯೇ ಇಲ್ಲದಿದ್ದರೆ ಸಸಿ ಒಣಗುತ್ತದೆ. ಎಂದೆಂದಿಗೂ ಮರೆಯಲ್ಲೇ ಇಟ್ಟರೆ ಸೊರಗುತ್ತದೆ. ತಾಳುವಷ್ಟು ಬಿಸಿಲನ್ನು ಕಂಡಾಗಲೇ ಅದು ಮರವಾಗುತ್ತದೆ. ಲಂಡನ್ನಿನ ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯಲ್ಲಿ ಸುಮಾರು ನಲವತ್ತು ವರ್ಷ ಸೇವೆ ಸಲ್ಲಿಸಿದ ಡೊನಾಲ್ಡ್ ವಿನಿಕಾಟ್ ಎಂಬ ಮಕ್ಕಳ ವೈದ್ಯರು ಇದೇ ಅರ್ಥದಲ್ಲಿ ‘ತಕ್ಕಮಟ್ಟಿಗೆ ಒಳ್ಳೆಯವಳಾದ ತಾಯಿ’ ಎಂದು ಹೇಳುತ್ತಿದ್ದರು. ಮಗುವಿಗೆ ಪರಿಪೂರ್ಣಳಾದ ತಾಯಿ ಬೇಕಾಗಿಲ್ಲ. ಇಲ್ಲಿ ಕುಳಿತಿರುವ ತಾಯಂದಿರಿಗೆ ಈ ಮಾತು ಸಾಂತ್ವನ ನೀಡಲಿ.

ಈ ಬೆಳವಣಿಗೆಯ ಫಲಗಳಾವುವು? ಸೃಜನಶೀಲತೆ, ಪರರನ್ನು ಅರಿಯುವ ಶಕ್ತಿ, ತನ್ನ ಬದುಕಿಗೆ ಕೊನೆಯುಂಟೆಂಬ ಅರಿವು, ಹಾಸ್ಯಪ್ರಜ್ಞೆ, ವಿವೇಕ ಎಂದು ಕೊಹುಟ್ 1966ರಲ್ಲಿಯೇ ಐದನ್ನು ಎಣಿಸಿದ್ದರು. ಇವು ಸಂತ ಪೌಲರು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಎಣಿಸಿದ ಪವಿತ್ರಾತ್ಮರ ಫಲಗಳಲ್ಲ. ಆದರೆ ಆ ಫಲಗಳು ಬೇರೂರಲು ಇದು ಹದವಾದ ನೆಲವೆಂದು ನಾವು ನಂಬುತ್ತೇವೆ. ಯಾರ ಹಂಗೂ ಬೇಡವೆನ್ನುವವನು ಬೆಳೆದವನೆಂದು ಕೊಹುಟ್ ಒಪ್ಪಲಿಲ್ಲ. ದೇಹಕ್ಕೆ ಪ್ರಾಣವಾಯು ಬೇಕಾದಂತೆ, ಅರಿಯುವ ಮನುಷ್ಯರ ಸಂಗವು ಜೀವಮಾನವಿಡೀ ಬೇಕೆಂದರು. ಇನ್ನು, ಇಂಥ ಚಿಕಿತ್ಸೆಯ ಪ್ರಯೋಜನವು ಚಿಕಿತ್ಸೆ ಮುಗಿದ ಮೇಲೆಯೂ ಉಳಿಯುವುದಲ್ಲದೆ ಬೆಳೆಯುತ್ತಲೂ ಇರುತ್ತದೆಂದು ಜೊನಾಥನ್ ಷೆಡ್ಲರ್ 2010ರಲ್ಲಿ ಅನೇಕ ಸಂಶೋಧನೆಗಳನ್ನು ಪರಿಶೀಲಿಸಿ ಬರೆದಿದ್ದಾರೆ.

ಪಾಪನಿವೇದನೆ ಮತ್ತು ಚಿಕಿತ್ಸೆ

ಹಾಗಾದರೆ ಪಾಪನಿವೇದನೆ ಸಾಲದೇ ಎಂದು ಕೆಲವರು ಕೇಳಬಹುದು. ಪಾಪನಿವೇದನೆಯು ಸಂಸ್ಕಾರ. ಅಲ್ಲಿ ಕ್ಷಮಿಸುವವರು ದೇವರು. ಮಾಡಿದ ಪಾಪವು ಅಲ್ಲಿ ನಿಜವಾಗಿ ಅಳಿಸಿಹೋಗುತ್ತದೆ. ಯಾವ ಚಿಕಿತ್ಸಕನಿಗೂ ಆ ಅಧಿಕಾರವಿಲ್ಲ. ಚಿಕಿತ್ಸೆಯು ಮಾನವ ಪ್ರಯತ್ನ. ಅಲ್ಲಿ ನಡೆಯುವುದು ಗಾಯದ ಆರೈಕೆ. ಪಾಪವೆಂದರೆ ನಾವು ತಿಳಿದು ಮಾಡಿದ್ದು. ಗಾಯವೆಂದರೆ ನಮಗೆ ಆದದ್ದು. ಎರಡೂ ಒಬ್ಬನಲ್ಲಿಯೇ ಇರಬಹುದು. ಆದುದರಿಂದ ಎರಡೂ ಬಾಗಿಲುಗಳು ತೆರೆದಿರಬೇಕು.

ಸಂತ ಲೊಯೋಲಾ ಇಗ್ನೇಷಿಯಸರ ಜೀವನವನ್ನು ನೋಡಿರಿ. 1522ರಲ್ಲಿ ಮನ್ರೇಸಾ ಎಂಬಲ್ಲಿ ಅವರು ತಪಸ್ಸಿನಲ್ಲಿದ್ದಾಗ, ಹಳೆಯ ಪಾಪಗಳನ್ನು ಸರಿಯಾಗಿ ನಿವೇದಿಸಲಿಲ್ಲವೆಂಬ ಶಂಕೆ ಅವರನ್ನು ಹಿಂಡಿತು. ಮತ್ತೆ ಮತ್ತೆ ನಿವೇದಿಸಿದರೂ ಶಂಕೆ ಹೋಗಲಿಲ್ಲ. ಕೋಣೆಯಲ್ಲಿದ್ದ ದೊಡ್ಡ ಗುಂಡಿಗೆ ಹಾರಿ ಪ್ರಾಣ ಬಿಡಬೇಕೆಂಬ ಪ್ರೇರಣೆಯೂ ಅವರಿಗಾಯಿತೆಂದು ಅವರೇ ಹೇಳಿ ಬರೆಸಿದ ಆತ್ಮವೃತ್ತಾಂತದಲ್ಲಿದೆ. ವಿಶ್ವಾಸ ಕಡಿಮೆಯಾದುದರಿಂದ ಹೀಗಾಯಿತೆಂದು ಇಗ್ನೇಷಿಯಸರಿಗೆ ಹೇಳುವ ಧೈರ್ಯ ಯಾರಿಗಿದೆ? ಹಾಗಿದ್ದರೆ ನಿದ್ರೆಯಿಲ್ಲದೆ ಜಪಸರ ಹಿಡಿದು ಕುಳಿತ ನಮ್ಮ ಅಕ್ಕತಂಗಿಯರಿಗೆ ಅದೇ ಮಾತನ್ನು ಹೇಳುವುದೇಕೆ?

ಎಚ್ಚರಿಕೆಯ ಮಾತುಗಳು

ಪರಾನುಭೂತಿಯೇ ಪುಣ್ಯವೆಂದು ಭಾವಿಸಬಾರದು. 1981ರ ಅಕ್ಟೋಬರ್ ತಿಂಗಳಲ್ಲಿ, ಮರಣಕ್ಕೆ ಕೆಲವೇ ದಿನಗಳ ಮೊದಲು, ಕೊಹುಟ್ ತಮ್ಮ ಕೊನೆಯ ಉಪನ್ಯಾಸದಲ್ಲಿ ಇದನ್ನೇ ಎಚ್ಚರಿಸಿದರು. ನಾಜಿಗಳು ತಮ್ಮ ಬಾಂಬು ವಿಮಾನಗಳಿಗೆ ಊಳಿಡುವ ಸೈರನ್ನುಗಳನ್ನು ಕಟ್ಟಿದ್ದರು. ಕೆಳಗಿನ ಜನರ ಎದೆ ಹೇಗೆ ನಡುಗುವುದೆಂದು ಅವರಿಗೆ ಚೆನ್ನಾಗಿ ತಿಳಿದಿತ್ತು. ಅದೂ ಪರರ ಮನಸ್ಸನ್ನು ಅರಿಯುವ ಶಕ್ತಿಯೇ! ಆದುದರಿಂದ ಅರಿವಿನ ಜೊತೆಗೆ ಪ್ರೀತಿಯಿರಬೇಕು. ಪ್ರೀತಿಯಿಲ್ಲದ ಅರಿವು ಸೈತಾನನಿಗೂ ಉಂಟು.

ಇನ್ನೂ ಎರಡು ಮಾತು. ಈ ಚಿಕಿತ್ಸೆ ನಿಧಾನವಾದುದು. ದೊಡ್ಡ ನಗರಗಳ ಹೊರಗೆ ಇದರಲ್ಲಿ ಶಿಕ್ಷಣ ಪಡೆದವರು ವಿರಳ. ಎಲ್ಲ ಮನೋರೋಗಗಳಿಗೂ ಇದೊಂದೇ ಮದ್ದಲ್ಲ. ಕೆಲವಕ್ಕೆ ಔಷಧಿಯೇ ಮುಖ್ಯ, ವೈದ್ಯರು ಕೊಟ್ಟ ಮಾತ್ರೆಯನ್ನು ನಾವೇ ನಿಲ್ಲಿಸಬಾರದು. ಎರಡನೆಯದಾಗಿ, ಕೊಹುಟ್ ಹೇಳುವ ‘ಸ್ವ’ ಎಂಬುದು ಮನುಷ್ಯನ ವ್ಯಕ್ತಿತ್ವದ ನಡುತಿರುಳು. ದೇವರು ಸೃಷ್ಟಿಸಿದ ಅಮರ ಆತ್ಮವನ್ನು ಕುರಿತು ಈ ಶಾಸ್ತ್ರ ಏನನ್ನೂ ಹೇಳಲಾರದು, ಹೇಳಲು ಹೊರಟರೆ ತನ್ನ ಮೇರೆಯನ್ನು ಮೀರಿದಂತೆ.

ನಾವು ಮಾಡಬೇಕಾದುದೇನು?

ಕರ್ನಾಟಕದಲ್ಲಿರುವ ನಮಗೆ ಈ ವಿಷಯದಲ್ಲಿ ಅನುಕೂಲವಿದೆ. 1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು ಇಡೀ ದೇಶಕ್ಕೆ ಹೆಸರಾದುದು. ಮಾನಸಿಕ ಆರೋಗ್ಯಸೇವೆಯನ್ನು ಹಳ್ಳಿಗಳಿಗೆ ಒಯ್ಯುವ ಜಿಲ್ಲಾ ಯೋಜನೆಯ ಪ್ರಥಮ ಪ್ರಯೋಗವನ್ನು ಅದು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. 2017ರ ಮಾನಸಿಕ ಆರೋಗ್ಯಸೇವಾ ಅಧಿನಿಯಮವು ಇಂಥ ಸೇವೆಯನ್ನು ಪ್ರತಿಯೊಬ್ಬರ ಹಕ್ಕನ್ನಾಗಿ ಮಾಡಿದೆ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಅದು ಭಾವಿಸುತ್ತದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಶುಲ್ಕವಿಲ್ಲದೆ, ಹಗಲಿರುಳು ಕರೆ ಮಾಡಬಹುದು. ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಪ್ರತಿ ಮನೆಯಲ್ಲಿಯೂ ಬರೆದಿಟ್ಟುಕೊಳ್ಳಬೇಕೆಂದು ವಿನಂತಿಸುತ್ತೇವೆ.

ಆದರೆ ಎಲ್ಲವನ್ನೂ ವೈದ್ಯರಿಗೆ ಬಿಟ್ಟು ಕೈ ತೊಳೆದುಕೊಳ್ಳುವಂತಿಲ್ಲ. ಮೂರು ಕಾರ್ಯಗಳನ್ನು ನಾವೇ ಮಾಡಬಹುದು. ಮೊದಲನೆಯದಾಗಿ, ಮನೆಗಳಲ್ಲಿ ಮಕ್ಕಳು ಶಾಲೆಯಿಂದ ಬಂದಾಗ ಮಾರ್ಕು ಕೇಳುವುದಕ್ಕೆ ಮುಂಚೆ ಮುಖ ನೋಡೋಣ. ಹೋಲಿಕೆಯ ಮಾತನ್ನು ಬಿಡೋಣ. ಎರಡನೆಯದಾಗಿ, ನೊಂದವರು ಮಾತನಾಡುವಾಗ ಕೂಡಲೇ ಉಪದೇಶ ಕೊಡುವ ಆತುರವನ್ನು ತಡೆಯೋಣ. ‘ಪ್ರಾರ್ಥನೆ ಮಾಡು, ಸರಿಹೋಗುತ್ತದೆ’ ಎಂಬ ಮಾತು ಸತ್ಯವಾದರೂ, ಪೂರ್ಣವಾಗಿ ಕೇಳುವ ಮೊದಲೇ ಹೇಳಿದಾಗ ಅದು ಬಾಗಿಲು ಮುಚ್ಚಿದಂತಾಗುತ್ತದೆ. ಮೂರನೆಯದಾಗಿ, ಚಿಕಿತ್ಸೆಗೆ ಹೋದವರನ್ನು ಕುರಿತು ಪಿಸುಮಾತು ಆಡದಿರೋಣ. ಸಂಬಂಧ ಕೇಳಲು ಬಂದವರಿಗೆ ‘ಅವರ ಮನೆಯಲ್ಲಿ ತಲೆ ಸರಿಯಿಲ್ಲದವರಿದ್ದಾರೆ’ ಎಂದು ಹೇಳುವ ನಾಲಗೆಯು ಮರುದಿನ ದಿವ್ಯಪ್ರಸಾದವನ್ನು ಹೇಗೆ ಸ್ವೀಕರಿಸುವುದು?

ಪ್ರಭು ಯೇಸುಕ್ರಿಸ್ತರ ಮಾದರಿಯೇ ನಮಗೆ ಸಾಕು. ಅಂಧನಾದ ಬಾರ್ತಿಮಾಯನಿಗೆ ಏನು ಬೇಕೆಂಬುದು ಅವರಿಗೆ ತಿಳಿಯದೆ ಇರಲಿಲ್ಲ. ಆದರೂ ಅವನ ಬಾಯಿಂದಲೇ ಅದನ್ನು ಕೇಳಿದರು. ಎಮ್ಮಾವುಸಿನ ದಾರಿಯಲ್ಲಿ ಎದೆಗುಂದಿ ನಡೆಯುತ್ತಿದ್ದ ಇಬ್ಬರು ಶಿಷ್ಯರನ್ನು ಕೂಡಿಕೊಂಡಾಗ, ತಾವು ಪುನರುತ್ಥಾನರಾದವರೆಂದು ಮೊದಲೇ ಹೇಳಿ ಅವರ ದುಃಖವನ್ನು ಮೊಟಕುಗೊಳಿಸಲಿಲ್ಲ. ಅವರ ನಡಿಗೆಗೆ ತಮ್ಮ ನಡಿಗೆಯನ್ನು ಹೊಂದಿಸಿಕೊಂಡರು. ಏನಾಯಿತೆಂದು ವಿಚಾರಿಸಿದರು. ತಮ್ಮ ಮರಣದ ಸುದ್ದಿಯನ್ನೇ ಅವರ ಬಾಯಿಂದ ಕೊನೆಯವರೆಗೂ ಕೇಳಿದರು. ಆಮೇಲೆಯೇ ಪವಿತ್ರಗ್ರಂಥವನ್ನು ಬಿಡಿಸಿ ಹೇಳಿದರು, ಆಮೇಲೆಯೇ ರೊಟ್ಟಿ ಮುರಿದರು. ಆ ಇಬ್ಬರು ಅದೇ ರಾತ್ರಿ ಎದ್ದು ಯೆರೂಸಲೇಮಿಗೆ ಹಿಂದಿರುಗುವಷ್ಟು ಬಲ ಪಡೆದರು.

ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರವು ಹಾಗೆ ಜೊತೆಯಲ್ಲಿ ನಡೆದು ಕೇಳುವ ಸಮುದಾಯವಾಗಲಿ. ನೊಂದವರು ನಾಚದೆ ನೆರವನ್ನು ಕೋರುವಂತಾಗಲಿ. ಕರುಣಾಮಯಳಾದ ಮಾತೆ ಮರಿಯಮ್ಮನವರ ಬಿನ್ನಹದ ಮೂಲಕ, ಪಿತನ, ಸುತನ ಹಾಗೂ ಪವಿತ್ರಾತ್ಮರ ಆಶೀರ್ವಾದವು ನಿಮ್ಮೆಲ್ಲರ ಮೇಲೆ, ವಿಶೇಷವಾಗಿ ಮನದಲ್ಲಿ ನೋವುಂಡವರ ಮೇಲೆ, ಸದಾ ಇರಲಿ. ಆಮೆನ್.